ಗಣಿತ ಮಾಸ್ತರರ ಎರಡು ಟನ್

ಯಾರದೇ ಮನೆಗೆ ಹೋಗಲಿ, ಅವರು ಮೊದಲು ಪಡುವಣ ಗೋಡೆಗೆ ಅಂಗೈ ಇಡುತ್ತಿದ್ದರು. ಚಪ್ಪಲಿ ಬಿಟ್ಟು, ಕೊಟ್ಟ ನೀರು ಕುಡಿದು, ಗೋಡೆಯ ಹತ್ತಿರ ಹೋಗಿ, ಜ್ವರ ಬಂದವರ ಹಣೆ ಮುಟ್ಟಿದಂತೆ ಮುಟ್ಟಿ ನಿಲ್ಲುವರು. ಗೊತ್ತಿದ್ದವರು ಸುಮ್ಮನಿರುತ್ತಿದ್ದರು. ಗೊತ್ತಿಲ್ಲದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವರ ಕೊನೆಯ ಏಳು ವರ್ಷ ಹೀಗೇ ಕಳೆಯಿತು.

ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಇನ್ನೂ ಇದ್ದಾರೆ. ಶಾಲೆಯಲ್ಲಿ ಅವರು ಗಣಿತ ಮಾಸ್ತರ, ನಾನು ಕನ್ನಡದ ಅಕ್ಕೋರು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಒಂದೇ ಓಣಿ, ಎದುರುಬದುರು ಮನೆ. ಹೋದ ಮಾರ್ಚಿಯಲ್ಲಿ ಅವರು ತೀರಿಕೊಂಡರು. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಶಾಲೆಯ ಶ್ರದ್ಧಾಂಜಲಿ ಸಭೆಯಲ್ಲಿ ನಾಲ್ಕು ಮಾತು ಆಡಲು ನನ್ನನ್ನು ಎಬ್ಬಿಸಿದರು. ಒಳ್ಳೆಯವರಿದ್ದರು, ಮಕ್ಕಳನ್ನು ಎಂದೂ ಹೊಡೆದವರಲ್ಲ ಎಂದು ಹೇಳಿ ಕುಳಿತೆ. ಎರಡೂ ನಿಜ. ಆದರೆ ಹೇಳಬೇಕಾದದ್ದು ಅದಾಗಿರಲಿಲ್ಲ.

ಅವರ ಪಾಠ ಬೋರ್ಡಿನ ಮೇಲೆ ನಡೆದದ್ದು ಕಡಿಮೆ. ಕ್ಷೇತ್ರಫಲ ಕಲಿಸುವಾಗ ಹುಡುಗರ ಕೈಗೆ ಟೇಪು ಕೊಟ್ಟು ಶಾಲೆಯನ್ನೆಲ್ಲ ಅಳೆಸುತ್ತಿದ್ದರು. ಬಿಸಿಯೂಟದ ಕೋಣೆ, ಧ್ವಜದ ಕಟ್ಟೆ, ಮುಖ್ಯಗುರುಗಳ ಮೇಜು ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯ ಕಾರನ್ನೇ ಐದನೆಯ ತರಗತಿಯವರು ಅಳೆಯುತ್ತ ನಿಂತಿದ್ದರು. ಅಧಿಕಾರಿ ಸಿಟ್ಟಾದರೆ ಇವರು ನಗುತ್ತ, "ಉದ್ದ ಅಗಲ ಎರಡೂ ಬರೋಬ್ಬರಿ ಬಂದಾವ್ರಿ ಸಾಹೇಬ್ರ, ಬೇಕಿದ್ರ ನೀವೂ ನೋಡ್ರಿ" ಅಂದಿದ್ದರು. ಯಾವ ಹುಡುಗನಾದರೂ "ಒಂದ್ ಇಪ್ಪತ್ತು ಇರಬಹುದ್ರಿ ಸರ" ಎಂದರೆ ಅವರ ಉತ್ತರ ಎಲ್ಲರಿಗೂ ಬಾಯಿಪಾಠ: "ಅಂದಾಜು ಬ್ಯಾಡ. ಅಳದು ಹೇಳು."

ಅವರಿಗೊಬ್ಬಳೇ ಮಗಳು, ಪವಿತ್ರಾ. ಹುಟ್ಟಿದಾಗಿನಿಂದ ಆಕೆಗೆ ಬೆವರು ಬರುತ್ತಿರಲಿಲ್ಲ. ಮೈಯಲ್ಲಿ ಬೆವರಿನ ಗ್ರಂಥಿಗಳೇ ಬೆಳೆದಿಲ್ಲ ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದರಂತೆ. ತಲೆಗೂದಲು ತೆಳು, ಹಲ್ಲು ನಾಲ್ಕೋ ಐದೋ, ಅವೂ ಮೊನೆಮೊನೆ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಮಗೆ ಸೆಕೆಯಾದರೆ ಮೈ ತೊಯ್ದು ತಾನೇ ತಣ್ಣಗಾಗುತ್ತದೆ. ಆಕೆಯ ಮೈ ಸುಮ್ಮನೆ ಕಾಯುತ್ತಾ ಹೋಗುತ್ತಿತ್ತು, ಒಲೆಯ ಮೇಲಿಟ್ಟ ಹಂಚಿನಂತೆ. ಇದಕ್ಕೆ ಔಷಧವಿಲ್ಲ, ತಣ್ಣಗೆ ಇಟ್ಟುಕೊಳ್ಳುವುದೇ ಔಷಧ ಎಂದು ವೈದ್ಯರು ಕಳಿಸಿಬಿಟ್ಟಿದ್ದರು. ಹೇಳುವುದೇನೋ ಸುಲಭ. ನಮ್ಮ ಊರುಗಳಲ್ಲಿ ಶಿವರಾತ್ರಿ ಕಳೆದರೆ ಸಾಕು, ತಣ್ಣಗೆ ಎನ್ನುವುದು ಹುಡುಕಿದರೂ ಸಿಗುವುದಿಲ್ಲ.

ಮೊದಲು ಅವರು ತಾವರಗೇರಾದಲ್ಲಿದ್ದರು. ಅಲ್ಲಿ ಮಣ್ಣಿನ ಮಾಳಿಗೆಯ ಮನೆ, ಎರಡು ಮೊಳ ದಪ್ಪದ ಗೋಡೆ. ನಡುಮನೆಯಲ್ಲಿ ನೆಲಕ್ಕೆ ನೀರು ಚಿಮುಕಿಸಿ ಮಲಗಿಸಿದರೆ ಹುಡುಗಿ ಬೇಸಿಗೆ ಕಳೆಯುತ್ತಿದ್ದಳು. ಎಂಟು ವರ್ಷ ಹಾಗೆ ಹೋಯಿತು. ಆಮೇಲೆ ಒಂದು ಸಲ ಜ್ವರ ತಲೆಗೇರಿ, ಅಲ್ಲಿಂದ ಕೊಪ್ಪಳದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿ ಬಂದಂತಾಯಿತು. ಆಸ್ಪತ್ರೆ ಹತ್ತಿರವಿರಬೇಕೆಂದು ವರ್ಗ ಮಾಡಿಸಿಕೊಂಡು ಭಾಗ್ಯನಗರಕ್ಕೆ ಬಂದರು. ಸಿಕ್ಕದ್ದು ಮೇಲಂತಸ್ತಿನ ಬಾಡಿಗೆ ಮನೆ. ತಲೆಯ ಮೇಲೆ ನಾಲ್ಕಿಂಚಿನ ಸ್ಲ್ಯಾಬು, ಅದರ ಮೇಲೆ ನೇರ ಸೂರ್ಯ. ಮಗಳ ಜೀವ ಉಳಿಸಲು ಅವರು ಮಾಡಿದ್ದೆಲ್ಲವೂ ಒಂದೊಂದು ಹೆಜ್ಜೆಯಾಗಿ ಆಕೆಯನ್ನು ಈ ಸ್ಲ್ಯಾಬಿನ ಕೆಳಗೆ ತಂದಿತ್ತು. ಆಗ ಅದು ಯಾರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಓಣಿಗೆ ಒಳ್ಳೆಯ ಮಂದಿ ಬಂದರು ಎಂದು ನಾನು ಖುಷಿಪಟ್ಟಿದ್ದೆ.

ಆಕೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಮ್ಮ ಶಾಲೆಗೇ ಕರೆತರುತ್ತಿದ್ದರು. ತಲೆಯ ಮೇಲೆ ಒದ್ದೆ ಟವೆಲು, ಕೊರಳಿಗೆ ಇನ್ನೊಂದು. ಹುಡುಗರು 'ಒದ್ದಿ ಗುಬ್ಬಿ' ಎಂದು ಕರೆಯುತ್ತಿದ್ದರು. ಆಕೆಗೆ ಅದು ಬೇಜಾರಾಗಲಿಲ್ಲ. ಒಮ್ಮೆ ನನ್ನ ತಾಸಿನಲ್ಲಿ ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ ಎದ್ದು ನಿಂತು, "ಅಕ್ಕೋರ, ಬೆವರಿದ್ರ ಹೆಂಗ ಅನಸ್ತದ್ರಿ?" ಎಂದು ಕೇಳಿದಳು. ತರಗತಿ ನಕ್ಕಿತು. ನಾನು ಏನು ಹೇಳಿದೆನೋ ನೆನಪಿಲ್ಲ. ಅಂಟಂಟು ಅಂತಲೋ, ಉಪ್ಪು ಅಂತಲೋ ಹೇಳಿರಬೇಕು.

ಬೇಸಿಗೆಯ ಭಾನುವಾರಗಳಲ್ಲಿ ಮೂವರೂ ಬೆಳಗಿನ ಗಾಡಿಗೆ ಹುಲಿಗಿಗೆ ಹೋಗುತ್ತಿದ್ದರು. ಹೆಂಡತಿ ಹುಲಿಗೆಮ್ಮನ ಗುಡಿಯ ಸಾಲಿನಲ್ಲಿ ನಿಂತರೆ ಇವರು ಮಗಳೊಂದಿಗೆ ಹೊಳೆಗೆ. ಒಂದು ಸಲ ನಾನೂ ಹೋಗಿದ್ದೆ. ಪವಿತ್ರಾ ಕುತ್ತಿಗೆಯವರೆಗೆ ತುಂಗಭದ್ರೆಯಲ್ಲಿ ಕೂತಿದ್ದಳು, ಇವರು ಬಂಡೆಯ ಮೇಲೆ ಪ್ಯಾಂಟು ಮಡಚಿ ಕಾಲು ಇಳಿಬಿಟ್ಟು ಪರೀಕ್ಷೆಯ ಪೇಪರು ತಿದ್ದುತ್ತಿದ್ದರು. ನಡುನಡುವೆ ತಲೆಯೆತ್ತದೆಯೇ "ಪವೀ" ಅನ್ನುವರು. "ಹ್ಞಾಂ ಅಪ್ಪಾ" ಎಂದು ನೀರಿನಿಂದ ಉತ್ತರ. ಮತ್ತೊಂದು ಪೇಪರು, ಮತ್ತೆ "ಪವೀ". ಬಿಸಿಲು ಇಳಿಯುವ ತನಕ ಹೀಗೇ ನಡೆಯಿತು. ಅವರು ಇಷ್ಟು ನಿಶ್ಚಿಂತರಾಗಿ ಕೂತದ್ದನ್ನು ನಾನು ಕಂಡದ್ದು ಆ ಒಂದು ದಿನ ಮಾತ್ರ.

ಆಕೆ ಆರನೆಯ ತರಗತಿಗೆ ಬಂದ ವರ್ಷ, ಫೆಬ್ರುವರಿಯಲ್ಲೇ ಸೆಕೆ ಶುರುವಾಯಿತು. ಕೂಲರಿನ ಗಾಳಿ ಸಾಲುತ್ತಿರಲಿಲ್ಲ. ಅವರು ಎಸಿ ತರುವುದೆಂದು ತೀರ್ಮಾನಿಸಿದರು. ನನಗೊಂದು ಫ್ಯಾನು ಬೇಕಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಅವರು, ಅವರ ಹೆಂಡತಿ ಮತ್ತು ನಾನು ಕೊಪ್ಪಳದ ಅಂಗಡಿಗೆ ಹೋದೆವು.

ಅಂಗಡಿಯಲ್ಲಿ ಒಬ್ಬ ನಡುವಯಸ್ಸಿನ ಹೆಣ್ಣುಮಗಳಿದ್ದಳು. ತಿಳಿದವಳು. ಮೊದಲು ಕೂರಿಸಿದಳು, ಆಮೇಲೆ ಒಂದೊಂದಾಗಿ ಕೇಳಿದಳು.

"ಖೋಲಿ ಎಷ್ಟುದ್ದ ಎಷ್ಟಗಲ ಐತ್ರಿ ಸರ?"

"ಹತ್ತು, ಹನ್ನೊಂದು."

"ಮ್ಯಾಲ ಮನಿ ಐತೋ, ಬಯಲೋ?"

"ಬಯಲು. ಬಿಸಿಲು ನೇರ ಬೀಳತೈತಿ."

"ಎಷ್ಟು ಮಂದಿ ಮಲಗ್ತೀರಿ? ಕಿಟಕಿ ಯಾವ ಕಡಿಗೆ?"

ಎಲ್ಲ ಕೇಳಿ ಒಂದು ಚೀಟಿಯ ಮೇಲೆ ಬರೆದುಕೊಂಡಳು. "ನೆರಳಿನ ಖೋಲಿ ಆಗಿದ್ರ ಒಂದು ಟನ್ ಸಾಕ್ರಿ. ಮ್ಯಾಲ ಬಿಸಿಲು ಅಂತೀರಿ, ಒಂದೂವರಿ ತಗೋರ್ರಿ. ಇದು ಹೊಸ ನಮೂನಿ, ಮೆಲ್ಲಕ ಚಾಲೂ ಆಗತೈತಿ, ಬೇಕಾದಷ್ಟ ಕರೆಂಟ್ ಎಳಕೊಂತೈತಿ."

ಮಾಸ್ತರು ಆ ಮೆಷಿನ್ನನ್ನು ನೋಡಲೇ ಇಲ್ಲ. ಅಂಗಡಿಯ ಮೂಲೆಯಲ್ಲಿ ಎಲ್ಲಕ್ಕಿಂತ ದೊಡ್ಡದೊಂದು ಇತ್ತು. ಅದರತ್ತ ಕೈ ಮಾಡಿ, "ಅದು?" ಎಂದರು.

"ಅದು ಎರಡು ಟನ್ನಿಂದು, ಹಳೇ ನಮೂನಿ. ಹಾಲಿಗೆ ಹಾಕೋದ್ರಿ ಅದು."

"ಅದನ್ನಽ ಕೊಡ್ರಿ."

"ಸರ, ಸಣ್ಣ ಖೋಲಿಗೆ ಅದು ಬ್ಯಾಡ್ರಿ. ಜಲ್ದಿ ತಣ್ಣಗ ಮಾಡಿ ಬಂದ್ ಆಗತೈತಿ, ಮತ್ತ ಚಾಲೂ ಆಗತೈತಿ, ಮತ್ತ ಬಂದ್. ಚಾಲೂ ಆದಾಗೊಮ್ಮೆ ದಪ್ ಅಂತ ಕರೆಂಟ್ ಜಗ್ಗತೈತಿ. ನಿಮ್ಮ ಓಣಿ ಲೈನು ತಡೀಬೇಕಲ್ರಿ."

ನಾನು ಅವರ ಮುಖ ನೋಡಿದೆ. ಈ ಮನುಷ್ಯ ಈಗ ಜೇಬಿನಿಂದ ಪೆನ್ನು ತೆಗೆದು ಲೆಕ್ಕ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ತೆಗೆಯಲಿಲ್ಲ. "ನಂಗ ಕಡಿಮಿ ಬೀಳಬಾರದವ್ವಾ," ಅಂದರು. "ಹೆಚ್ಚಾದ್ರ ಆಗಲಿ. ಕಡಿಮಿ ಮಾತ್ರ ಬೀಳಬಾರದು."

ಆ ಹೆಣ್ಣುಮಗಳು ಅವರ ಹೆಂಡತಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾವಿಬ್ಬರೂ ಏನೂ ಹೇಳಲಿಲ್ಲ. ಅಷ್ಟು ಹೆದರಿದ ಮನುಷ್ಯನಿಗೆ ಸಣ್ಣದು ತಗೋ ಎಂದು ಹೇಳುವುದು ಹೇಗೆ?

ಎಸಿ ಬಂತು. ಮೊದಲ ದಿನ ಓಣಿಯ ಮಕ್ಕಳೆಲ್ಲ ಹೋಗಿ ಆ ಕೋಣೆಯಲ್ಲಿ ನಿಂತು ಬಂದರು. ಪವಿತ್ರಾ ಟವೆಲಿಲ್ಲದೆ ಮಂಚದ ಮೇಲೆ ಕೂತು ಕಥೆ ಪುಸ್ತಕ ಓದುತ್ತಿದ್ದಳು. ಆಕೆಯ ತಾಯಿ ಬಾಗಿಲಿಗೆ ಕುಂಕುಮ ಹಚ್ಚಿದ್ದರು.

ಆದರೆ ಅಂಗಡಿಯವಳು ಹೇಳಿದ್ದೆಲ್ಲ ಹೇಳಿದಂತೆಯೇ ಆಯಿತು. ಆ ಸಣ್ಣ ಕೋಣೆ ಹತ್ತು ನಿಮಿಷಕ್ಕೆ ತಣ್ಣಗಾಗಿ ಎಸಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾದ ಸ್ಲ್ಯಾಬು ಮತ್ತೆ ಕೋಣೆಯನ್ನು ಬಿಸಿ ಮಾಡುವುದು. ಎಸಿ ಮತ್ತೆ ಗುಡುಗಿ ಎದ್ದರೆ ಓಣಿಯ ದೀಪಗಳೆಲ್ಲ ಒಮ್ಮೆ ಕಣ್ಣು ಮುಚ್ಚಿದಂತಾಗುತ್ತಿತ್ತು. ಫ್ಯಾನುಗಳು ಕುಂಟುತ್ತಿದ್ದವು. ನಮ್ಮ ಓಣಿ ಲೈನಿನ ತುದಿಯಲ್ಲಿತ್ತು, ಮೊದಲೇ ವೋಲ್ಟೇಜು ಕಡಿಮೆ. ಕೆಳಗಿನ ಮನೆಯಲ್ಲಿ ಟೇಲರ್ ಈರಣ್ಣ ಐದು ಮೋಟಾರ್ ಮಷಿನ್ನು ಹಾಕಿ ಶಾಲೆಯ ಯೂನಿಫಾರ್ಮ್ ಹೊಲಿಸುತ್ತಿದ್ದ. ಬೇಸಿಗೆಯೇ ಅವನ ಸುಗ್ಗಿ. ಅವನ ಮಷಿನ್ನು ನಿಂತು ನಿಂತು ನಡೆದವು. ಏಪ್ರಿಲ್ ಮೊದಲ ವಾರ ನಮ್ಮ ಮನೆಯ ಫ್ರಿಜ್ಜು ಸುಟ್ಟಿತು. ಅದರಲ್ಲಿ ನಮ್ಮ ಅತ್ತೆಯ ಇನ್ಸುಲಿನ್ ಇತ್ತು. ಮಾಸ್ತರರ ಎಸಿಯಿಂದಲೇ ಸುಟ್ಟಿತು ಎಂದು ಯಾರೂ ರುಜುವಾತು ಮಾಡಲಿಲ್ಲ. ಆದರೆ ನಾನು ಹಾಗೆಂದು ನಂಬಿದೆ, ಓಣಿಯಲ್ಲಿ ಹಾಗೆಯೇ ಹೇಳಿದೆ.

ಒಂದು ಸಂಜೆ ಏಳೆಂಟು ಮಂದಿ ಅವರ ಮನೆಯ ಮೆಟ್ಟಿಲು ಹತ್ತಿದೆವು. ಮುಂದೆ ಈರಣ್ಣ. ಹಿಂದೆ, ಕೊನೆಯ ಮೆಟ್ಟಿಲ ಮೇಲೆ, ನಾನು.

"ಸರ, ತಪ್ಪು ತಿಳಕೋಬ್ಯಾಡ್ರಿ," ಎಂದು ಈರಣ್ಣ ಶುರು ಮಾಡಿದ. "ನಿಮ್ಮ ಎಸಿ ಎದ್ದಾಗೊಮ್ಮೆ ನನ್ನ ಮಷಿನ್ ನಿಲ್ತಾವ್ರಿ. ಹೆಣಮಕ್ಳು ಕೈಕಟ್ಟಿ ಕುಂದರ್ತಾರ. ಹಿಂಗಾದ್ರ ಹೊಟ್ಟಿಗೇನ್ ತಿನ್ನೂಣ್ರಿ ನಾವು?"

"ಅಕ್ಕೋರ ಮನಿ ಫ್ರಿಜ್ಜೂ ಸುಟ್ಟೈತ್ರಿ," ಎಂದು ಮತ್ತೊಬ್ಬರು ಹೇಳಿದರು.

ಅವರು ತಲೆಗಳ ನಡುವೆ ಹುಡುಕಿ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಒಳಗೆ ಹೋಗಿ ಹಾಳೆ ಪೆನ್ನು ತಂದರು. ಯಾರಿಗೆ ಯಾವ ಹೊತ್ತು ಕರೆಂಟು ಬೇಕು ಎಂದು ಒಬ್ಬೊಬ್ಬರನ್ನಾಗಿ ಕೇಳಿ, ಶಾಲೆಯ ವೇಳಾಪಟ್ಟಿಯಂತೆ ಗೆರೆ ಹಾಕಿ ಬರೆದರು. "ಸುಡೋ ಬಿಸಿಲು ಹನ್ನೊಂದರಿಂದ ನಾಕರ ತನಕ. ಅಷ್ಟು ನಂಗ ಬಿಡ್ರಿ. ನಾಕರಿಂದ ಎಂಟು ಈರಣ್ಣಂದು, ನಿಮ್ಮೆಲ್ಲಾರದು. ಎಂಟರ ಮ್ಯಾಲ ಮತ್ತ ನಾ ಹಾಕ್ಕೋತೀನಿ. ಆಗಬಹುದಾ?"

"ಭಾಳ ಛಲೋ ಆತ್ರಿ ಸರ," ಎಂದು ಈರಣ್ಣ ಕೈಮುಗಿದ.

ಅವರು ಅಲ್ಲಿ ತಪ್ಪಿದರು. ಸೂರ್ಯ ಇಳಿದರೆ ಸೆಕೆ ಇಳಿಯುತ್ತದೆ ಎಂದು ಲೆಕ್ಕ ಹಿಡಿದಿದ್ದರು. ಮಣ್ಣಿನ ಮಾಳಿಗೆಯಲ್ಲಿ ಬದುಕಿದ ಮನುಷ್ಯ. ಸ್ಲ್ಯಾಬು ಹಾಗಲ್ಲ. ಅದು ಹಗಲೆಲ್ಲ ಬಿಸಿಲು ಕುಡಿದು, ಐದಾರು ಗಂಟೆಗೆ ಅದನ್ನು ಮನೆಯೊಳಕ್ಕೆ ಸುರಿಯುತ್ತದೆ. ಇದು ಓಣಿಯ ಎಲ್ಲರಿಗೂ ಗೊತ್ತಿತ್ತು. ಸಂಜೆ ಒಳಗೆ ಇರಲಾಗದೆ ಕಟ್ಟೆಯ ಮೇಲೆ ಕೂರುವವರೇ ನಾವೆಲ್ಲ. ಮೆಟ್ಟಿಲ ಮೇಲಿದ್ದ ಏಳೆಂಟು ಮಂದಿಯಲ್ಲಿ ಒಬ್ಬರಾದರೂ "ಸರ, ಸಂಜಿಗೇ ಸೆಕಿ ಹೆಚ್ಚು" ಎನ್ನಬಹುದಿತ್ತು. ನಮಗೆ ಬೇಕಾದ ತಾಸುಗಳು ಸಿಕ್ಕಿದ್ದವು. ಇಳಿದು ಬಂದೆವು.

ಮೂರು ವಾರ ಏನೂ ಆಗಲಿಲ್ಲ. ನಾಲ್ಕಕ್ಕೆ ಸರಿಯಾಗಿ ಎಸಿ ಸದ್ದು ನಿಲ್ಲುತ್ತಿತ್ತು. ಪವಿತ್ರಾ ಒದ್ದೆ ಟವೆಲು ಹೊದ್ದು ಕೆಳಗಿಳಿದು ನಮ್ಮ ಕಟ್ಟೆಯ ಮೇಲೆ ಬಂದು ಕೂರುವಳು. ನಾನು ಮಾತಾಡಿಸುತ್ತಿದ್ದೆ.

ಮೇ ತಿಂಗಳ ಆ ದಿನ ಮಾಸ್ತರರಿಗೆ ಕುಷ್ಟಗಿಯಲ್ಲಿ ತರಬೇತಿ. ಬೆಳಗ್ಗೆ ಬೇಗ ಹೋಗಿದ್ದರು. ಹುಡುಗಿಗೆ ಸಣ್ಣಗೆ ಜ್ವರವಿತ್ತು, ಆದ್ದರಿಂದ ಕೆಳಗೆ ಬಂದಿರಲಿಲ್ಲ. ನಾಲ್ಕಕ್ಕೆ ಎಸಿ ನಿಂತಿತು. ತಾಯಿ ಗಡಿಯಾರ ನೋಡಿ ನಿಲ್ಲಿಸಿದ್ದರು. ನಾನು ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತ ಕೂತಿದ್ದೆ. ಐದರ ಸುಮಾರಿಗೆ ಪವಿತ್ರಾಳ ತಾಯಿ ಮೆಟ್ಟಿಲಿಗೆ ಬಂದು ನಿಂತರು. ಓಣಿಯ ಈ ತುದಿ ನೋಡಿದರು, ಆ ತುದಿ ನೋಡಿದರು. ಕೆಳಗೆ ಈರಣ್ಣನ ಐದೂ ಮಷಿನ್ನು ಓಡುತ್ತಿದ್ದವು. ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು.

"ಯಾಕಕ್ಕಾ?" ಎಂದು ನಾನು ಕೂಗಿದೆ.

"ಏನಿಲ್ರೀ ಅಕ್ಕೋರ. ಪವಿ ಮೈ ಭಾಳ ಕಾಯಾಕತ್ತೈತಿ. ಟ್ಯಾಂಕಿ ನೀರು ಹಾಕೂಣಂದ್ರ ಅದೂ ಕುದಿಯಾಕತ್ತೈತಿ."

"ಗಡಿಗಿ ನೀರಾಗ ಅರಿವಿ ತೋಯಿಸಿ ಹಣಿಗೆ ಹಾಕ್ರಿ," ಎಂದು ಹೇಳಿ ನಾನು ಮೆಂತ್ಯಕ್ಕೆ ಮರಳಿದೆ.

ಅವರು ಇನ್ನೂ ಒಂದು ಕ್ಷಣ ನಿಂತಿದ್ದರು. ಆಮೇಲೆ ಒಳಗೆ ಹೋದರು.

ಆರು ದಾಟಿದ ಮೇಲೆ ಕಿರುಚಿದ್ದು ಕೇಳಿತು. ನಾನು ಹೋಗುವಷ್ಟರಲ್ಲಿ ಹುಡುಗಿಯ ಕೈಕಾಲು ಸೆಟೆದಿದ್ದವು. ಮುಟ್ಟಿದರೆ ಅಂಗೈ ಸುಡುತ್ತಿತ್ತು. ಆ ಕೋಣೆಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ, ಛಾವಣಿಯಿಂದ ಬೆಂಕಿ ಇಳಿದಂತೆ. ಗೋಡೆಯ ಮೇಲೆ ಎರಡು ಟನ್ನಿನ ಆ ದೊಡ್ಡ ಬಿಳಿಯ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿತ್ತು. ಈರಣ್ಣನೇ ಓಡಿ ಬಂದು ಎತ್ತಿಕೊಂಡ. ಅವನೇ ಆಟೋ ತಂದ. ಆಸ್ಪತ್ರೆಯಲ್ಲಿ ಮಂಜುಗಡ್ಡೆ ಇಟ್ಟರು, ಸಲೈನು ಏರಿಸಿದರು. ಮರುದಿನ ಬೆಳಗಾಗುವಷ್ಟರಲ್ಲಿ ಮುಗಿದಿತ್ತು. ಆಕೆಗೆ ಹನ್ನೆರಡು ತುಂಬಿರಲಿಲ್ಲ.

ಈರಣ್ಣ ಒಂಬತ್ತು ದಿನ ಮಷಿನ್ನು ಮುಟ್ಟಲಿಲ್ಲ. ಮಾಸ್ತರರು ನಮ್ಮನ್ನು ಬೈಯುತ್ತಾರೆ ಎಂದು ನಾವೆಲ್ಲ ಕಾದೆವು. ಬೈದಿದ್ದರೆ ಚೆನ್ನಾಗಿತ್ತು. ಹನ್ನೊಂದನೆಯ ದಿನ ಮುಗಿದ ಮೇಲೆ ಅವರು ನಮ್ಮ ಮನೆಗೆ ಬಂದರು. ಕೈಯಲ್ಲಿ ಹಾಳೆ. ಸುಂದರ ಅಂಕಿಗಳು, ಅಡಿಗೆರೆ, ಕೊನೆಗೆ ಉತ್ತರಕ್ಕೊಂದು ಚೌಕ.

"ಅಕ್ಕೋರ, ಒಂದೂವರಿ ಸಾಕಾಗಿತ್ತ್ರಿ," ಅಂದರು. "ನೋಡ್ರಿ. ಹತ್ತು ಹನ್ನೊಂದ್ಲೆ ನೂರಾ ಹತ್ತು ಚದರಡಿ. ಮ್ಯಾಲ ಬಿಸಿಲಿಂದು ಇಷ್ಟು ಹಿಡಿದೀನಿ, ಸಂಜಿತನಕ ಕಾಯೋ ಪಡುವಣ ಗೋಡಿಂದು ಇಷ್ಟು, ಮೂರು ಮಂದಿದು ಇಷ್ಟು. ಸ್ಲ್ಯಾಬಿಗೆ ಸುಣ್ಣ ಬಳದಿದ್ರ ಒಂದರಾಗೂ ಆಗತಿತ್ತು. ಹೊಸ ನಮೂನಿದು ತಂದಿದ್ರ ದಿನಪೂರ್ತಿ ನಡೀತಿತ್ತು, ಯಾರಿಗೂ ತ್ರಾಸ ಆಗ್ತಿರಲಿಲ್ಲ, ಯಾರೂ ಮೆಟ್ಲ ಹತ್ತತಿರಲಿಲ್ಲ. ಆಕಿ ಹೇಳಿದ್ಳು ಅಂಗಡ್ಯಾಗ. ನಾ ಅಳೀಲಿಲ್ಲ."

"ಸರ, ನಾವೂ..." ಎಂದೆ.

"ನಿಮ್ದೇನ್ರಿ ಇದರಾಗ? ಲೆಕ್ಕ ನಂದು."

ನನಗೆ ಆಗ ಆದದ್ದನ್ನು ಇದ್ದಂತೆ ಬರೆಯುತ್ತೇನೆ. ನನಗೆ ಹಗುರವಾಯಿತು. ಅವರು ಅಷ್ಟೂ ಭಾರವನ್ನು ತಾವೇ ಎತ್ತಿಕೊಂಡು ಹೋಗುತ್ತಿದ್ದರು, ನಾನು ಬಾಗಿಲು ಹಿಡಿದು ನಿಂತು ದಾರಿ ಬಿಟ್ಟೆ. ಆ ಹಗುರ ಒಂದು ವಾರವೂ ಉಳಿಯಲಿಲ್ಲ.

ಅವರ ಹೆಂಡತಿ ಆ ಮಳೆಗಾಲದಲ್ಲಿ ಯಲಬುರ್ಗಾದ ತವರುಮನೆಗೆ ಹೋದರು, ಮರಳಲಿಲ್ಲ. ಜಗಳವೇನೂ ಆಗಿರಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಇರಲು ಆಗುತ್ತಿರಲಿಲ್ಲ, ಅಷ್ಟೇ. ಇವರು ತಿಂಗಳಿಗೊಮ್ಮೆ ಹೋಗಿ ಒಂದು ಊಟ ಮಾಡಿ ಬರುತ್ತಿದ್ದರು.

ಅಳೆಯುವುದು ಆಗಲೇ ಶುರುವಾದದ್ದು. ಎಲ್ಲಾದರೂ ಯಾರಾದರೂ ಎಸಿ ತರುತ್ತಾರೆ ಎಂದು ಕಿವಿಗೆ ಬಿದ್ದರೆ ಸಾಕು, ಟೇಪು ಹಿಡಿದು ಹೋಗುವರು. ಕರೆಯಲಿ ಬಿಡಲಿ. ಗಂಗಾವತಿಯಲ್ಲಿ ಒಬ್ಬರ ಗೃಹಪ್ರವೇಶಕ್ಕೆ ಶಾಲೆಯವರೆಲ್ಲ ಹೋಗಿದ್ದೆವು. ಪಂಕ್ತಿ ಕೂತಿತ್ತು. ಇವರು ಎಲೆಯ ಮುಂದಿನಿಂದ ಎದ್ದು ಮಲಗುವ ಕೋಣೆಗೆ ಹೋಗಿ ಅಳೆಯತೊಡಗಿದರು. ಅಲ್ಲಿ ಆಗಲೇ ಒಂದು ದೊಡ್ಡ ಎಸಿ ಕೂತಿತ್ತು.

"ಇದನ್ನ ತೆಗೀರಿ," ಎಂದು ಮನೆಯ ಯಜಮಾನರಿಗೆ ಹೇಳಿದರು. "ಸುತ್ತ ಗದ್ದಿ ಅದಾವ, ಗಾಳ್ಯಾಗ ತಂಪು ಐತಿ. ಇಷ್ಟು ದೊಡ್ಡದು ಹಾಕಿದ್ರ ಹತ್ತು ನಿಮಿಷಕ್ಕ ಬಂದ್ ಆಗತೈತಿ, ಗಾಳಿ ಹಸಿ ಹಂಗೇ ಉಳೀತೈತಿ, ಹಾಸಿಗಿ ಜಿಬಿಜಿಬಿ ಅಂತಾವ. ಸಣ್ಣದು ಹಾಕ್ರಿ, ಸಾವಕಾಶ ನಡೀಲಿ."

"ಮಾಸ್ತರ, ಮೊದಲು ಊಟ ಮಾಡ್ರಿ," ಎಂದು ಯಜಮಾನರು ನಕ್ಕರು.

"ತೆಗೀತೀನಿ ಅನ್ರಿ, ಊಟ ಮಾಡತೀನಿ."

ಯಾರೋ ಕೈಹಿಡಿದು ಕೂರಿಸಿದರು. ಹೋಳಿಗೆ ಮುರಿದು ಮುರಿದು ಎಲೆಯಲ್ಲೇ ಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ 'ಟನ್ ಮಾಸ್ತರ' ಅಂದರು. ಆ ಹೆಸರು ಕೊಪ್ಪಳದವರೆಗೆ ಬಂತು, ಹುಡುಗರ ಬಾಯಿಗೂ ಬಂತು. ಅವರ ಮಾತು ಕೇಳಿ ಎಸಿ ಬದಲಿಸಿದವರು ಯಾರೂ ನನಗೆ ಗೊತ್ತಿಲ್ಲ. ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು. ಮಗಳು ಸತ್ತ ಮೇಲೆ ತಲೆ ಕೆಟ್ಟವರ ಮಾತು ಎಂದು ಮಂದಿ ಸಹಿಸಿಕೊಂಡು ಕಳಿಸುತ್ತಿದ್ದರು.

ತರಗತಿಯಲ್ಲಿ ಅವರು ಟೇಪು ಕೊಡುವುದನ್ನು ಬಿಟ್ಟಿದ್ದರು. ಬೋರ್ಡಿನ ಮೇಲೆ ಸೂತ್ರ ಬರೆದು ಕೂರುತ್ತಿದ್ದರು. ಹುಡುಗರು ಅಂದಾಜಿನಲ್ಲಿ ಉತ್ತರ ಹೇಳಿದರೂ "ಹ್ಞೂಂ" ಅನ್ನುವರು.

ತಮ್ಮ ಮನೆಯ ಎಸಿಯನ್ನು ಅವರು ಮಾರಲಿಲ್ಲ, ಹಾಕಲೂ ಇಲ್ಲ. ಅದೇ ಕೋಣೆಯಲ್ಲಿ ಅದರ ಕೆಳಗೆ ಮಲಗುತ್ತಿದ್ದರು. ಒಂದು ಏಪ್ರಿಲ್ ಸಂಜೆ ಅವರ ಅಂಗಿ ಬೆನ್ನಿಗೆ ಅಂಟಿದ್ದು ನೋಡಲಾಗದೆ ಹೇಳಿದೆ: "ಸರ, ಈಗರ ಹಾಕ್ಕೋಬಾರದ್ರಿ? ಯಾರೂ ಏನೂ ಅನ್ನೂದಿಲ್ಲ."

"ನಂಗ ಬೆವರು ಬರತೈತಲ್ರೀ ಅಕ್ಕೋರ," ಅಂದರು.

ಎರಡು ವರ್ಷದ ಹಿಂದೆ ನಾವೂ ಎಸಿ ತರುವುದೆಂದಾಯಿತು. ಅತ್ತೆ ಹಾಸಿಗೆ ಹಿಡಿದಿದ್ದರು. ಓಣಿಯಲ್ಲಿ ಆಗಲೇ ಐದಾರು ಮನೆಯಲ್ಲಿ ಬಂದಿತ್ತು. ಹೊಸ ಟ್ರಾನ್ಸ್‌ಫಾರ್ಮರು ಕೂರಿಸಿದ್ದರು, ದೀಪ ಕಣ್ಣು ಮುಚ್ಚುವುದು ನಿಂತಿತ್ತು. ಅವರಿಗೆ ನಾನು ಹೇಳಿರಲಿಲ್ಲ. ಹೇಗೋ ತಿಳಿದು ಒಂದು ಸಂಜೆ ಟೇಪು ಹಿಡಿದು ಬಂದರು.

ಗೋಡೆ ಮುಟ್ಟಿದರು. ಉದ್ದಗಲ ಅಳೆದರು. ಟೇಪಿನ ಇನ್ನೊಂದು ತುದಿ ನಾನೇ ಹಿಡಿದಿದ್ದೆ. ಅತ್ತೆಯನ್ನು ಬಾಗಿ ಮಾತಾಡಿಸಿ, "ಅಮ್ಮಾರು ಒಬ್ರಽ ಮಲಗ್ತಾರೋ, ಜೋಡಿ ಯಾರರ ಇರ್ತಾರೋ?" ಎಂದು ಕೇಳಿದರು. ಮೇಲೆ ಇನ್ನೊಂದು ಅಂತಸ್ತು ಇದ್ದದ್ದನ್ನು ಲೆಕ್ಕ ಹಿಡಿದರು. ಕೂತು ಹತ್ತು ನಿಮಿಷ ಬರೆದರು. ಕೊನೆಗೆ ಚೌಕದೊಳಗೆ 'ಒಂದು ಟನ್' ಎಂದು ಬರೆದು ಹಾಳೆಯನ್ನು ನನ್ನ ಕೈಗೆ ಕೊಟ್ಟರು.

"ಸಾಕಾಗತೈತಿ. ಹಗಲು ರಾತ್ರಿ ನಡೀಲಿ ಬಿಡ್ರಿ. ಯಾರೂ ನಿಮ್ಮ ಬಾಗಲಿಗೆ ಬರೂದಿಲ್ಲ."

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ನನಗೆ ಗೊತ್ತು, ಆ ಮನುಷ್ಯನಿಗೆ ಚುಚ್ಚಲು ಬರುತ್ತಿರಲಿಲ್ಲ. ನಿಜಕ್ಕೂ ನನಗೆ ತೊಂದರೆಯಾಗದಿರಲಿ ಎಂದೇ ಹೇಳಿದ್ದು. ಆಗಲಾದರೂ ಹೇಳಬೇಕಿತ್ತು. ಆ ದಿನ ಮೆಟ್ಟಿಲ ಮೇಲೆ ನಾನೂ ಇದ್ದೆ ಸರ, ಸಂಜೆಯ ಸೆಕೆ ನನಗೂ ಗೊತ್ತಿತ್ತು ಸರ ಎಂದು. "ಚಹಾ ಕುಡೀರಿ ಸರ" ಎಂದೆ. ಕುಡಿದು ಹೋದರು.

ಹೋದ ಮಾರ್ಚಿಯಲ್ಲಿ ಒಂದು ಬೆಳಗ್ಗೆ ಅವರು ಶಾಲೆಗೆ ಹೊರಡಲಿಲ್ಲ. ಈರಣ್ಣ ಹೋಗಿ ಬಾಗಿಲು ಬಡಿದ, ಆಮೇಲೆ ಮುರಿದ. ಹೃದಯ ನಿಂತದ್ದು ಎಂದು ವೈದ್ಯರು ಹೇಳಿದರು.

ಮಣ್ಣು ಯಲಬುರ್ಗಾದಲ್ಲೇ ಆಯಿತು. ಆ ದಿನ ಮಂದಿಯ ನಡುವೆ ಅವರ ಹೆಂಡತಿಯೊಂದಿಗೆ ಮಾತಾಡಲು ಆಗಿರಲಿಲ್ಲ. ಹದಿನೈದು ದಿನ ಬಿಟ್ಟು ಒಬ್ಬಳೇ ಬಸ್ಸು ಹತ್ತಿ ಹೋದೆ. ಅಣ್ಣನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಕಿ ಕೂರಿಸಿದರು. ತೆಳ್ಳಗಾಗಿದ್ದರು. ಶಾಲೆಯ ಸಭೆಯ ಬಗ್ಗೆ ಹೇಳಿದೆ, ಪಿಂಚಣಿಯ ಕಾಗದಗಳ ಬಗ್ಗೆ ಹೇಳಿದೆ. ಅವರು ಕೇಳಿಸಿಕೊಂಡರು. ಮಾತು ಮುಗಿಯಿತು.

"ಅಕ್ಕೋರ," ಅಂದರು. "ಒಂದು ಕೇಳ್ಲ್ಯಾ? ಬ್ಯಾರೆ ಯಾರನ್ನ ಕೇಳ್ಲಿ ನಾನು."

"ಕೇಳ್ರಿ ಅಕ್ಕಾ."

"ಅವತ್ತ ನಾ ಎರಡು ಸಲ ಹೊರಗ ಬಂದಿದ್ದೆ. ನೀವು ಕಟ್ಟಿ ಮ್ಯಾಲ ಕುಂತಿದ್ರಿ. ಆಗ ನಾ ಒಳಗ ಹೋಗಿ ಎಸಿ ಹಾಕಿಬಿಟ್ಟಿದ್ರ, ನೀವ್ಯಾರರ ಬಂದು ಏನರ ಅಂತಿದ್ರೇನ್ರಿ?"

ಏಳು ವರ್ಷ ಅವರು ಈ ಪ್ರಶ್ನೆಯನ್ನು ಇಟ್ಟುಕೊಂಡಿದ್ದರು. ಅವರ ಕಣ್ಣು ನನ್ನ ಮುಖದ ಮೇಲಿತ್ತು. ನಾನು ಅವರ ಕೈ ಹಿಡಿದುಕೊಂಡೆ. ದುಃಖದಲ್ಲಿದ್ದವರಿಗೆ ಹೇಳುವ ದನಿಯಲ್ಲಿ, ತಟ್ಟನೆ, ಹೇಳಿಬಿಟ್ಟೆ:

"ಇಲ್ಲಕ್ಕಾ. ಜ್ವರ ಬಂದ ಕೂಸಿದ್ದ ಮನೀಗೆ ಯಾರ ಏನಂತಾರ? ಯಾರೂ ಏನೂ ಅಂತಿರಲಿಲ್ಲ."

ಅವರು ಮೆಲ್ಲನೆ ತಲೆದೂಗಿದರು. ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡರು.

"ಹಂಗಾರ ನಾ ಹಾಕಬಹುದಿತ್ತು," ಅಂದರು.

ಅಷ್ಟಾದ ಮೇಲೆಯೇ ನನಗೆ ತಿಳಿದದ್ದು, ನಾನು ಏನು ಮಾಡಿದೆನೆಂದು. ನಾವು ಬರುತ್ತಿದ್ದೆವು. ಮಷಿನ್ನು ನಿಂತ ಕೂಡಲೇ ಈರಣ್ಣ ಮೆಟ್ಟಿಲು ಹತ್ತುತ್ತಿದ್ದ, ಹೊಸ ಫ್ರಿಜ್ಜಿನ ಚಿಂತೆಯಲ್ಲಿ ಅವನ ಹಿಂದೆ ನಾನೂ ಹತ್ತುತ್ತಿದ್ದೆ. 'ಅಂತಿದ್ವಿ ಅಕ್ಕಾ, ನೀವು ಹೆದರಿದ್ದು ಬರೋಬ್ಬರಿ ಇತ್ತು' ಎನ್ನುವ ಒಂದೇ ಮಾತು ಕೇಳಲು ಆ ಹೆಣ್ಣುಮಗಳು ಏಳು ವರ್ಷ ಕಾದಿದ್ದರು. ನಾನು ನಮ್ಮ ಓಣಿಯನ್ನು ಒಳ್ಳೆಯದು ಮಾಡಿ, ಎಲ್ಲವನ್ನೂ ಆಕೆಯ ತಲೆಗೆ ಕಟ್ಟಿದ್ದೆ.

ಬಾಯಿ ತೆರೆದೆ. ಅವರು ಆಗಲೇ ಎದ್ದು ಒಳಗೆ ಹೋಗಿದ್ದರು. ಅಣ್ಣನ ಹೆಂಡತಿ ಚಹಾ ತಂದಿಟ್ಟು, "ಅಕಿ ಇನ್ನ ಹೊರಗ ಬರಂಗಿಲ್ರಿ, ಹಂಗಽ ಮಾಡ್ತಾಳ. ನೀವು ಕುಡೀರಿ," ಅಂದರು.

ಚಹಾ ಕುಡಿದು, ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆ. "ಅಕ್ಕಾ, ನಾ ಬರ್ತೀನ್ರಿ," ಎಂದೆ. ಐದೂವರೆಯ ಬಸ್ಸಿಗೆ ಕೊಪ್ಪಳಕ್ಕೆ ಬಂದೆ.